ಒಂದೇ ಒಂದು ಗ್ರಾವಿಟಾನ್ ಹಿಡಿಯೋಕಾಗುತ್ತಾ?

ಬೆಳಕು ಅಲೆಯೂ ಹೌದು, ಫೋಟಾನ್ ಎಂಬ ಕಣಗಳೂ ಹೌದು ಅಂತ ನಾವೆಲ್ಲ ಪಿಯುಸಿಯಲ್ಲೇ ಓದಿದ್ದೇವೆ. ಹಾಗಾದರೆ ಗುರುತ್ವಕ್ಕೂ ಒಂದು ಕಣ ಇರಬೇಕಲ್ಲ? ಭೌತವಿಜ್ಞಾನಿಗಳು ಅದನ್ನು ಗ್ರಾವಿಟಾನ್ ಅನ್ನುತ್ತಾರೆ. ಲೆಕ್ಕದ ಪ್ರಕಾರ ಅದಕ್ಕೆ ದ್ರವ್ಯರಾಶಿ ಇಲ್ಲ, ಸ್ಪಿನ್ 2. ಆದರೆ ಇವತ್ತಿನವರೆಗೂ ಅದು ಯಾರಿಗೂ ಸಿಕ್ಕಿಲ್ಲ.

2015ರಲ್ಲಿ ಲೈಗೋ ಹಿಡಿದದ್ದು ಅದನ್ನೇ ಅಲ್ವಾ? ಅಲ್ಲ, ಅಲೆಯನ್ನು. ಕದಡಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಶಾಂತವಾಗುತ್ತದೆ ಎಂದು 1970ರಲ್ಲೇ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಲೈಗೋ ಹಿಡಿದ ಅಲೆಯ ಕೊನೆಯಲ್ಲಿ ಇದ್ದದ್ದು ಅಂಥದೇ ಮಿಡಿತ. ಹಾಫ್ ಮೂನ್ ಬೇ ದಡದಲ್ಲಿ ನಿಂತರೆ ಅಲೆ ಕಾಣುತ್ತೆ, ನೀರಿನ ಒಂದು ಅಣು ಕಾಣಲ್ಲ. ಇಲ್ಲೂ ಅಷ್ಟೇ.

ಕಷ್ಟ ಎಷ್ಟು ಅಂತ ಲೆಕ್ಕ ಹಾಕೋಣ. ಕಣದ ಶಕ್ತಿ ಅದರ ಆವರ್ತನಕ್ಕೆ ತಕ್ಕಂತೆ ಇರುತ್ತದೆ. ಲೈಗೋ ಕೇಳುವ ಅಲೆ ಸುಮಾರು 100 ಹರ್ಟ್ಸ್; ಬೆಳಕಿನದು ಸುಮಾರು 5×10¹⁴ ಹರ್ಟ್ಸ್. ಅಂದರೆ ಒಂದು ಗ್ರಾವಿಟಾನಿನ ಶಕ್ತಿ ಒಂದು ಫೋಟಾನಿಗಿಂತ ಐದು ಲಕ್ಷ ಕೋಟಿ ಪಟ್ಟು ಕಡಿಮೆ! ಸಾಲದ್ದಕ್ಕೆ ಅದು ವಸ್ತುವಿನ ಜೊತೆ ಸೇರುವುದೇ ಅಪರೂಪ. 2006ರಲ್ಲಿ ರಾತ್‌ಮನ್ ಮತ್ತು ಬೌನ್ ಹಾಕಿದ ಲೆಕ್ಕ ನೋಡಿ: ಗುರುಗ್ರಹದಷ್ಟು ತೂಕದ ಶೋಧಕವನ್ನು ನ್ಯೂಟ್ರಾನ್ ನಕ್ಷತ್ರದ ಪಕ್ಕದಲ್ಲೇ ಇಟ್ಟರೂ ಹತ್ತು ವರ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಅಲ್ಲಿ ನ್ಯೂಟ್ರಿನೋಗಳ ಗದ್ದಲ ಬೇರೆ. ಅದನ್ನು ತಡೆಯುವಷ್ಟು ದಪ್ಪ ಗೋಡೆ ಕಟ್ಟಿದರೆ ಗೋಡೆಯೇ ಕುಸಿದು ಕಪ್ಪುಕುಳಿಯಾಗುತ್ತದೆ.

ಹಾಗಾದರೆ ಬಾಗಿಲು ಮುಚ್ಚಿತಾ? ಪೂರ್ತಿ ಇಲ್ಲ. ವಿಶ್ವೇಶ್ವರ ಪಿಎಚ್‌ಡಿ ಮಾಡಿದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಜೋಸೆಫ್ ವೆಬರ್ ಅಲ್ಯೂಮಿನಿಯಂ ದಿಂಡುಗಳನ್ನಿಟ್ಟು ಗುರುತ್ವದ ಅಲೆ ಹುಡುಕಿದ್ದರು. ಆಮೇಲೆ ನಮ್ಮ ಸರಟೋಗಾದಿಂದ ಅರ್ಧ ಗಂಟೆ ದೂರದ ಸ್ಟ್ಯಾನ್‌ಫರ್ಡ್‌ನಲ್ಲೂ ಹಲವು ಟನ್ ತೂಕದ ದಿಂಡನ್ನು ದ್ರವ ಹೀಲಿಯಂನಿಂದ ತಂಪು ಮಾಡಿ ಕಾದರು. ಅಲೆ ಆಗ ಸಿಗಲಿಲ್ಲ. ಆದರೆ 2024ರಲ್ಲಿ ಪಿಕೋವ್‌ಸ್ಕಿ ತಂಡ ಅದೇ ದಿಂಡಿಗೆ ಹೊಸ ಕೆಲಸ ಕೊಟ್ಟಿದೆ. ದಿಂಡನ್ನು ಅದರ ಅತಿ ಕಡಿಮೆ ಶಕ್ತಿಯ ಸ್ಥಿತಿಗೆ ಇಳಿಸಬೇಕು. ಅದು ಒಂದೇ ಒಂದು ಮೆಟ್ಟಿಲು ಮೇಲೆ ಜಿಗಿದರೆ ಆ ಕ್ಷಣ ಲೈಗೋಗೂ ಅಲೆ ಬಂದಿತ್ತಾ ಅಂತ ತಾಳೆ ನೋಡಬೇಕು. ಇಲ್ಲಿ ಗುರುಗ್ರಹ ಬೇಡ. ಒಂದೊಂದು ಅಲೆಯಲ್ಲೂ ಲೆಕ್ಕವಿಲ್ಲದಷ್ಟು ಗ್ರಾವಿಟಾನ್ ಇರುವುದರಿಂದ, ಒಂದನ್ನು ದಿಂಡು ಹೀರಿಕೊಂಡರೆ ಸಾಕು.

ಇದಕ್ಕೆ ಬೇಕಾದ ಸೂಕ್ಷ್ಮ ಅಳತೆ ಇನ್ನೂ ನಮ್ಮ ಕೈಗೆ ಬಂದಿಲ್ಲ. ಬಂದರೂ, ಆ ಜಿಗಿತವೊಂದೇ ಗುರುತ್ವ ಕ್ವಾಂಟಮ್ ಎಂಬುದಕ್ಕೆ ಪೂರ್ತಿ ಪುರಾವೆ ಆಗಲ್ಲ. ಅಲೆ ಕ್ವಾಂಟಮ್ ಅಲ್ಲದಿದ್ದರೂ ದಿಂಡು ಹಾಗೆ ಜಿಗಿಯಬಹುದು. ಆದರೆ ನೂರು ವರ್ಷಗಳಿಂದ ಹೊಂದಿಕೊಳ್ಳದ ಐನ್‌ಸ್ಟೈನ್ ಗುರುತ್ವ ಮತ್ತು ಕ್ವಾಂಟಮ್ ಸಿದ್ಧಾಂತಗಳ ನಡುವೆ ಪ್ರಯೋಗಾಲಯದ ಮೊದಲ ಸುಳಿವು ಅದಾಗಬಹುದು. ಅಳತೆಯ ಸಾಧನ ಕಟ್ಟುವ ಎಂಜಿನಿಯರುಗಳಾದ ನಮಗೂ ಅಲ್ಲಿ ಕೆಲಸ ಇದೆ.