ಮಗುವಿಗೆ 14 ಆಗುತ್ತಿದ್ದಂತೆ ಕೆಲಸದ ಮಾತು ಎತ್ತಿ

ಲೂಯಿಸ್‌ವಿಲ್‌ನಲ್ಲಿ ಓದುತ್ತಿರುವ ನಿಮ್ಮ ಮಗ ಅಥವಾ ಮಗಳಿಗೆ ಅಂಗವೈಕಲ್ಯ ಇದ್ದರೆ, ಕೆಲಸದ ವಿಷಯ ಸ್ಕೂಲು ಮುಗಿದ ಮೇಲೆ ನೋಡೋಣ ಅನ್ನಬೇಡಿ. ಟೆಕ್ಸಾಸ್‌ನಲ್ಲಿ 14 ತುಂಬುವಷ್ಟರಲ್ಲಿ ವಿಶೇಷ ಶಿಕ್ಷಣದ ಎಆರ್‌ಡಿ ಸಭೆಯಲ್ಲಿ ಈ ಮಾತು ಬರಲೇಬೇಕು. ಬರದಿದ್ದರೆ ನೀವೇ ಕೇಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಬರೆದು ಕೊಡಿ. ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ.

ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ನ ವೊಕೇಶನಲ್ ರಿಹ್ಯಾಬಿಲಿಟೇಶನ್ ವಿಭಾಗದಲ್ಲಿ 'ಸಪೋರ್ಟೆಡ್ ಎಂಪ್ಲಾಯ್‌ಮೆಂಟ್' ಅಂತ ಹೆಸರು ಹೇಳಿಯೇ ಕೇಳಿ. ಅಂದರೆ ಎಲ್ಲರೂ ದುಡಿಯುವ ಅಂಗಡಿ, ಗೋದಾಮು, ಹೋಟೆಲುಗಳಲ್ಲೇ ಕೆಲಸ. ಜಾಬ್ ಕೋಚ್ ಪಕ್ಕದಲ್ಲಿದ್ದು ಕಲಿಸುತ್ತಾರೆ, ಕೈ ಕುದುರಿದ ಮೇಲೆ ನಿಧಾನಕ್ಕೆ ಹಿಂದೆ ಸರಿಯುತ್ತಾರೆ. ಸಲಹೆಗಾರರ ಮುಂದೆ ಬರೀ ಕಾಯಿಲೆಯ ಹೆಸರು ಹೇಳಿ ಸುಮ್ಮನಾಗಬೇಡಿ. ಬಟ್ಟೆ ಚೆನ್ನಾಗಿ ಮಡಚುತ್ತಾನೆ, ಒಂದೇ ಕೆಲಸ ಗಂಟೆಗಟ್ಟಲೆ ಮಾಡಿದರೂ ಬೇಸರವಿಲ್ಲ, ಗದ್ದಲ ಮಾತ್ರ ಆಗೋದಿಲ್ಲ ಅಂತ ಬಿಡಿಸಿ ಹೇಳಿ. ಇದು ಮನೆಯವರಿಗಲ್ಲದೆ ಯಾರಿಗೆ ಗೊತ್ತು?

ಸ್ಕೂಲಿನ ಸೇವೆಗೆ ವೀಸಾ ಅಡ್ಡ ಬರೋದಿಲ್ಲ. ಸಂಬಳದ ಕೆಲಸಕ್ಕೆ ಬರುತ್ತೆ. ಎಚ್-4 ಮೇಲಿರುವ ಮಕ್ಕಳು ದುಡಿಯುವಂತಿಲ್ಲ, 21 ತುಂಬಿದರೆ ಆ ವೀಸಾನೂ ಉಳಿಯೋದಿಲ್ಲ. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲಿ ಮಗುವಿನದೂ ಸೇರಿದ್ದರೆ ವರ್ಕ್ ಪರ್ಮಿಟ್ ಕೇಳಬಹುದು. ಇಮಿಗ್ರೇಷನ್ ವಕೀಲರನ್ನು ಈ ವರ್ಷವೇ ಕಾಣಿ.

ಸಂದರ್ಶನಕ್ಕೆ ಹೋಗುವಾಗ ಒಂದು ನೆನಪಿಡಿ: 1990ರ ಎಡಿಎ ಕಾಯ್ದೆಯಂತೆ, 15 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ಕೆಲಸ ಕೊಡುತ್ತೇವೆ ಅನ್ನುವ ಮೊದಲು ಅಂಗವೈಕಲ್ಯದ ಬಗ್ಗೆ ಕೇಳುವಂತಿಲ್ಲ.