ಒಡಲಿನ ರಸಗಳೂ ಒಕ್ಕಲುತನದ ನಿರ್ಧಾರಗಳೂ

ಮನುಷ್ಯನು ಬುದ್ಧಿಯಿಂದ ವ್ಯವಹರಿಸುವ ಪ್ರಾಣಿಯೆಂಬುದು ಲೋಕರೂಢಿಯ ಮಾತು. ಲಾಭನಷ್ಟಗಳನ್ನು ತೂಗಿ ನೋಡಿ ಹಿತವಾದುದನ್ನು ಆರಿಸಿಕೊಳ್ಳುವವನೆಂದೇ ಅರ್ಥಶಾಸ್ತ್ರದ ಅನೇಕ ಗ್ರಂಥಗಳು ಅವನನ್ನು ಚಿತ್ರಿಸಿವೆ. ಆದರೆ ಬೈಲಹೊಂಗಲದ ಮಾರುಕಟ್ಟೆಯ ಪ್ರಾಂಗಣದಲ್ಲಿ ಹತ್ತಿಯ ಅಂಡಿಗೆಯ ಪಕ್ಕದಲ್ಲಿ ನಿಂತ ರೈತನನ್ನು ಕಂಡವರಿಗೆ ಈ ಚಿತ್ರ ಅಪೂರ್ಣವೆನಿಸದಿರದು. ಹಿಂದಿನ ರಾತ್ರಿ ಮನೆಮಂದಿಯೊಡನೆ ಕುಳಿತು, ಇಂತಿಷ್ಟು ದರಕ್ಕೆ ಕಡಿಮೆ ಬಂದರೆ ಮಾಲು ಮಾರುವುದಿಲ್ಲವೆಂದು ನಿಶ್ಚಯಿಸಿ ಬಂದವನು ಅವನು. ಲಿಲಾವಿನ ಕೂಗು ಎದ್ದೊಡನೆ ಅವನ ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ನಾಲ್ಕು ಜನರ ನಡುವೆ ಕೇಳಿಬಂದ ದರಕ್ಕೆ ತಲೆಯಾಡಿಸಿಬಿಡುತ್ತಾನೆ. ಊರಿಗೆ ಮರಳುವ ದಾರಿಯಲ್ಲಿ ಮನಸ್ಸು ತಿಳಿಯಾದಾಗ, ತಾನು ಹಾಗೇಕೆ ಮಾಡಿದೆನೆಂಬುದು ಅವನಿಗೇ ತಿಳಿಯದು.

ಇದನ್ನು ಅವಿವೇಕವೆನ್ನಬೇಕೆ, ಅಧೈರ್ಯವೆನ್ನಬೇಕೆ? ಹಿರಿಯರು ಇಂತಹ ಸಂದರ್ಭಗಳನ್ನು ಅರಿಷಡ್ವರ್ಗದ ಹೆಸರಿನಲ್ಲಿ ವಿವೇಚಿಸಿದರು. ಇಂದಿನ ಶರೀರಶಾಸ್ತ್ರವು ಅದೇ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ, ರಕ್ತದಲ್ಲಿ ಹರಿಯುವ ಕೆಲವು ಸೂಕ್ಷ್ಮ ರಸಗಳ ಕಡೆಗೆ ಬೆರಳು ತೋರುತ್ತದೆ. ಅವುಗಳಿಗೆ ಹಾರ್ಮೋನುಗಳೆಂದು ಹೆಸರು.

ಪದದ ಅರ್ಥ

1902ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ಒಂದು ವಿಚಿತ್ರವನ್ನು ಕಂಡರು. ಕರುಳಿಗೆ ಸೇರಿದ ನರಗಳನ್ನು ಕತ್ತರಿಸಿದ ಮೇಲೆಯೂ ಕರುಳಿನಿಂದ ಮೇದೋಜೀರಕ ಗ್ರಂಥಿಗೆ ಸಂದೇಶ ಮುಟ್ಟುತ್ತಿತ್ತು. ನರದ ದಾರಿ ಇಲ್ಲದಾಗ ಸಂದೇಶ ಹೋದದ್ದು ರಕ್ತದ ದಾರಿಯಿಂದ. ಇಂತಹ ದೂತರಸಗಳಿಗೆ 1905ರಲ್ಲಿ ಸ್ಟಾರ್ಲಿಂಗನು ಹಾರ್ಮೋನ್ ಎಂದು ಹೆಸರಿಟ್ಟನು. ಎಬ್ಬಿಸುವುದು, ಪ್ರೇರಿಸುವುದು ಎಂಬರ್ಥದ ಗ್ರೀಕ್ ಧಾತುವೇ ಅದರ ಮೂಲ. ಕನ್ನಡದಲ್ಲಿ ಇದಕ್ಕೆ ಚೋದಕ ರಸವೆಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಮೀಮಾಂಸಾಶಾಸ್ತ್ರದಲ್ಲಿ ಚೋದನೆಯೆಂದರೆ ಮನುಷ್ಯನನ್ನು ಕ್ರಿಯೆಗೆ ತೊಡಗಿಸುವ ವಿಧಿವಾಕ್ಯ. ವಿಧಿಯು ಪ್ರೇರಿಸುತ್ತದೆ, ಕೈಹಿಡಿದು ಮಾಡಿಸುವುದಿಲ್ಲ. ಮಾಡುವವನು ಕರ್ತೃವೇ. ಚೋದನೆ ಬೇರೆ, ಬಲಾತ್ಕಾರ ಬೇರೆ ಎಂಬ ಈ ವಿವೇಕವನ್ನು ಮುಂದಿನ ವಿಚಾರದುದ್ದಕ್ಕೂ ನೆನಪಿನಲ್ಲಿಡುವುದು ಅವಶ್ಯ.

ಈ ರಸಗಳನ್ನು ಸ್ರವಿಸುವ ಗ್ರಂಥಿಗಳಿಗೆ ನಾಳವಿಲ್ಲ. ಆದುದರಿಂದ ಅವು ನಿರ್ನಾಳ ಗ್ರಂಥಿಗಳು. ಮೆದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಪಿಟ್ಯೂಟರಿ, ಕೊರಳಿನ ಥೈರಾಯ್ಡ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಇವೇ ಮೊದಲಾದವು. ಪ್ರಸ್ತುತ ವಿಷಯಕ್ಕೆ ಅಡ್ರಿನಲ್ ಗ್ರಂಥಿಯೇ ಮುಖ್ಯ. ಹೊಲದ ಬದುವಿನ ಮೇಲೆ ಹಾವು ಸರಿದಾಗ ಎದೆ ಡವಗುಟ್ಟುವುದು, ಕಾಲಿಗೆ ಎಲ್ಲಿಲ್ಲದ ಬಲ ಬರುವುದು ಅಡ್ರಿನಲಿನ್ ಎಂಬ ರಸದಿಂದ. ಅದು ಕ್ಷಣದಲ್ಲಿ ಬಂದು ಬೇಗನೆ ಇಳಿಯುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ರಸ ನಿಧಾನದ್ದು. ಆರೋಗ್ಯವಂತನಲ್ಲಿ ಅದು ಬೆಳಗಿನ ಜಾವಕ್ಕೆ ಏರಿ, ರಾತ್ರಿಗೆ ಇಳಿದು, ದಿನಚರಿಯನ್ನು ನಡೆಸುತ್ತದೆ. ಆದರೆ ಚಿಂತೆ ತಿಂಗಳುಗಟ್ಟಲೆ ಬಿಡದಿದ್ದರೆ ಈ ಏರಿಳಿತದ ಲಯವೇ ಕೆಡುತ್ತದೆ.

ಚಿಂತೆಯೂ ಸಾಹಸವೂ

ಈ ರಸಗಳು ಹಣದ ವ್ಯವಹಾರವನ್ನು ಮುಟ್ಟುತ್ತವೆಯೆ? 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೋಟ್ಸ್ ಮತ್ತು ಹರ್ಬರ್ಟ್ ಎಂಬ ವಿದ್ವಾಂಸರು ಲಂಡನ್ನಿನ ಹಣಕಾಸಿನ ಪೇಟೆಯ 17 ಜನ ವ್ಯಾಪಾರಿಗಳ ಜೊಲ್ಲನ್ನು 8 ಕೆಲಸದ ದಿನಗಳ ಕಾಲ ಪರೀಕ್ಷಿಸಿದರು. ಬೆಳಿಗ್ಗೆ ಟೆಸ್ಟೊಸ್ಟೆರಾನ್ ಎಂಬ ಪುರುಷರಸ ಹೆಚ್ಚಿದ್ದ ದಿನ ಅವರ ಗಳಿಕೆಯೂ ಹೆಚ್ಚಾಗಿತ್ತು. ಪೇಟೆಯ ಧಾರಣೆ ಹೊಯ್ದಾಡಿದಾಗ ಅವರ ಕಾರ್ಟಿಸಾಲ್ ಏರಿತ್ತು. ಕಳೆದುಕೊಂಡ ದುಃಖಕ್ಕಿಂತ, ಏನಾದೀತೆಂಬ ಅನಿಶ್ಚಯವೇ ಆ ರಸವನ್ನು ಕೆರಳಿಸುವಂತೆ ತೋರಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಸ್ವಯಂಸೇವಕರ ಕಾರ್ಟಿಸಾಲನ್ನು ಔಷಧದ ಮೂಲಕ 8 ದಿನ ಏರಿಸಿ ಇಡಲಾಯಿತು. ಆ ಮೇಲೆ ಅವರು ಅಪಾಯವಿರುವ ಆಯ್ಕೆಗಳಿಂದ ಹಿಂಜರಿದರು. ಒಂದು ಗಳಿಗೆಯ ಏರಿಕೆ ಹಾಗೆ ಮಾಡಲಿಲ್ಲ. ದಿನಗಟ್ಟಲೆ ನಿಂತ ಏರಿಕೆಯೇ ಮಾಡಿತು.

ಲಂಡನ್ನಿನ ವ್ಯಾಪಾರಿಯೂ ಎರೆಭೂಮಿಯ ಒಕ್ಕಲಿಗನೂ ಒಂದೇ ಅಲ್ಲ. ಹದಿನೇಳು ಜನರ ಲೆಕ್ಕದಿಂದ ಲೋಕದ ನಿಯಮವನ್ನು ಬರೆಯುವುದೂ ತರವಲ್ಲ. ಆದರೂ ಅನಿಶ್ಚಯವೆಂಬುದನ್ನು ಈ ಭಾಗದ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆ ಯಾವಾಗ, ಧಾರಣೆ ಎಷ್ಟು, ಕಾಲುವೆಗೆ ನೀರು ಎಂದು ಎಂಬ ಮೂರು ಪ್ರಶ್ನೆಗಳ ನಡುವೆಯೇ ಅವರ ವರ್ಷ ಉರುಳುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿದಾಗ ನೀರು ಕೆಲವು ದಿನಗಳಲ್ಲಿ ಇಳಿಯಿತು. ಆದರೆ ಬೆಳೆ ಹೋದವನ, ಮನೆ ಕುಸಿದವನ ಚಿಂತೆ ನೀರಿನೊಡನೆ ಇಳಿಯುವಂತಹದಲ್ಲ. ಅಂತಹವನು ಹೊಸ ಬೆಳೆಗೆ, ಹೊಸ ಕಸುಬಿಗೆ ಕೈಯಿಕ್ಕಲು ಹಿಂಜರಿದರೆ ಅವನನ್ನು ಸೋಮಾರಿಯೆಂದು ಹಳಿಯುವುದು ಸುಲಭ; ದೀರ್ಘವಾದ ಚಿಂತೆಯು ಒಡಲಿನಲ್ಲಿಯೇ ಸಾಹಸವನ್ನು ಅಡಗಿಸಬಲ್ಲದೆಂಬುದನ್ನು ತಿಳಿದವರು ಹಾಗೆ ಹಳಿಯಲಾರರು.

ಸುಗ್ಗಿಯ ಮುಂಚೆ, ಸುಗ್ಗಿಯ ತರುವಾಯ

ಇದಕ್ಕಿಂತ ಹತ್ತಿರದ ಸಾಕ್ಷ್ಯವು ತಮಿಳುನಾಡಿನಿಂದ ಬಂದಿದೆ. ಅಲ್ಲಿಯ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 54 ಹಳ್ಳಿಗಳಲ್ಲಿ 464 ಜನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ತರುವಾಯ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು. ಬುದ್ಧಿಯನ್ನೂ ಅವಧಾನವನ್ನೂ ಅಳೆಯುವ ಪ್ರಶ್ನೆಗಳಿಗೆ ಅದೇ ರೈತನು ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಕೊಟ್ಟ ಉತ್ತರಗಳಿಗಿಂತ, ಹಣ ಬಂದ ಮೇಲೆ ಕೊಟ್ಟ ಉತ್ತರಗಳು ಎಷ್ಟೋ ಮೇಲಾಗಿದ್ದವು. ಮನುಷ್ಯ ಅವನೇ, ತಲೆಯೂ ಅದೇ, ಬದಲಾದದ್ದು ಕಾಲ. ಕಟಾವಿಗೆ ಮುಂಚೆ ಅವರ ನಾಡಿಯ ಬಡಿತ ಮತ್ತು ರಕ್ತದೊತ್ತಡಗಳು ಹೆಚ್ಚಿದ್ದುದೂ ಕಂಡುಬಂದಿತು. ಆದರೆ ಇಷ್ಟರಿಂದಲೇ ಬುದ್ಧಿಯ ಕುಂದನ್ನು ಪೂರ್ತಿಯಾಗಿ ವಿವರಿಸಲಾಗದೆಂದು ಆ ಸಂಶೋಧಕರೇ ಒಪ್ಪಿದರು. ಸಾಲ, ಬಡ್ಡಿ, ಸಂತೆಯ ಖರ್ಚು ಎಂಬ ಲೆಕ್ಕಗಳು ಮನಸ್ಸಿನ ಜಾಗವನ್ನೆಲ್ಲ ತುಂಬಿಕೊಂಡಾಗ ಬೇರೆ ವಿಚಾರಕ್ಕೆ ಎಡೆಯೇ ಉಳಿಯದೆಂಬುದು ಅವರ ಅಭಿಪ್ರಾಯ. ರಸವೊಂದೇ ಕಾರಣವಲ್ಲ, ರಸವೂ ಲೆಕ್ಕವೂ ಕೂಡಿ ಹೂಡಿದ ನೊಗ ಅದು.

ಬೈಲಹೊಂಗಲ, ಸವದತ್ತಿಗಳ ಪಂಚಾಂಗದ ಮೇಲೆ ಇದನ್ನಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮುಂಗಾರಿನ ಬೀಜಗೊಬ್ಬರದ ಖರೀದಿ, ಮಕ್ಕಳ ಶಾಲೆಯ ಪ್ರವೇಶ, ಪುಸ್ತಕ, ಸಮವಸ್ತ್ರ ಇವೆಲ್ಲ ಜೂನ್ ತಿಂಗಳ ಆಜುಬಾಜಿನಲ್ಲಿ ಒಟ್ಟಿಗೆ ಬರುತ್ತವೆ. ಕಳೆದ ಸುಗ್ಗಿಯ ಹಣ ಅಷ್ಟರಲ್ಲಿ ಬೇಸಿಗೆಯ ಮದುವೆಗಳಲ್ಲಿ ಕರಗಿರುತ್ತದೆ. ಅಂದರೆ, ವರ್ಷದ ಅತಿ ದೊಡ್ಡ ನಿರ್ಧಾರಗಳನ್ನು ರೈತನು ತನ್ನ ಬುದ್ಧಿ ಅತ್ಯಂತ ದಣಿದಿರುವ ಕಾಲದಲ್ಲಿ ತೆಗೆದುಕೊಳ್ಳಬೇಕಾಗಿದೆ. ಹೆಚ್ಚಿನ ಬಡ್ಡಿಯ ಕೈಗಡ ಹುಟ್ಟುವುದು ಆಗಲೇ. ಜಾಣ ಹುಡುಗಿಯೊಬ್ಬಳನ್ನು ಶಾಲೆಯಿಂದ ಬಿಡಿಸುವ ಮಾತು ಏಳುವುದೂ ಆಗಲೇ.

ನಂಬುಗೆಯ ಮಾತು

ಚೋದಕ ರಸಗಳು ಭಯವನ್ನಷ್ಟೇ ತರುವುದಿಲ್ಲ. ಹೆರಿಗೆಯಲ್ಲಿ, ತಾಯಿಯು ಹಾಲೂಡುವಲ್ಲಿ ನೆರವಾಗುವ ಆಕ್ಸಿಟೋಸಿನ್ ಎಂಬ ರಸವುಂಟು. ಇದನ್ನು ಮೂಗಿನ ಮೂಲಕ ಸಿಂಪಡಿಸಿದರೆ ಜನರು ಅಪರಿಚಿತರ ಕೈಗೆ ಹೆಚ್ಚು ಹಣವನ್ನು ನಂಬಿ ಕೊಡುವರೆಂದು 2005ರಲ್ಲಿ ಜ್ಯೂರಿಕ್ ನಗರದ ವಿದ್ವಾಂಸರು ಸಾರಿದರು. ಅದಕ್ಕೆ ನಂಬುಗೆಯ ರಸವೆಂಬ ಕೀರ್ತಿ ಹಬ್ಬಿತು. ಆದರೆ 2020ರಲ್ಲಿ ಇನ್ನೂ ಹೆಚ್ಚು ಜನರ ಮೇಲೆ ಅದೇ ಪರೀಕ್ಷೆಯನ್ನು ಮಾಡಿದಾಗ ಅಂತಹ ಸಾಮಾನ್ಯ ಪರಿಣಾಮ ಕಾಣಲಿಲ್ಲ. ಪುರುಷರಸದ ಕಥೆ ಇನ್ನೂ ಬೋಧಪ್ರದವಾದುದು. 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಟೆಸ್ಟೊಸ್ಟೆರಾನನ್ನು ನಿಜವಾಗಿ ಪಡೆದ ಸ್ತ್ರೀಯರು ಹಣವನ್ನು ಪಾಲು ಮಾಡುವಾಗ ಹೆಚ್ಚು ನ್ಯಾಯದಿಂದ ನಡೆದರು. ತಮಗೆ ಆ ರಸವನ್ನು ಕೊಟ್ಟಿದ್ದಾರೆಂದು ಬರಿದೆ ಭಾವಿಸಿದವರು ಕಡಿಮೆ ನ್ಯಾಯದಿಂದ ನಡೆದರು. ರಸ ಮಾಡದ ಕೇಡನ್ನು ರಸದ ಅಪಖ್ಯಾತಿ ಮಾಡಿತು!

ನಂಬುಗೆಯನ್ನು ಸೀಸೆಯಲ್ಲಿ ತುಂಬಲಾಗದು; ಅದು ರೂಢಿಯಿಂದ, ಕಟ್ಟಳೆಯಿಂದ ಬೆಳೆಯತಕ್ಕದ್ದು. ಸ್ಟಾರ್ಲಿಂಗನು ಹಾರ್ಮೋನೆಂಬ ಪದವನ್ನು ಲೋಕಕ್ಕೆ ಕೊಟ್ಟ ಅದೇ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದು ಹೆಸರಾಯಿತು. ಒಬ್ಬನೇ ಸಾಹುಕಾರನ ಮುಂದೆ ನಿಂತಾಗ ಅಂಜುವ ರೈತನು ಹತ್ತು ಜನರ ಜೊತೆ ಕುಳಿತಾಗ ಅಂಜುವುದಿಲ್ಲವೆಂಬ ಲೋಕಾನುಭವವೇ ಅದರ ತಳಹದಿ. ಬಿತ್ತನೆಯ ಹೊತ್ತಿನಲ್ಲಿ ಒಬ್ಬರ ಎತ್ತು, ಇನ್ನೊಬ್ಬರ ಕೂರಿಗೆ ಎಂದು ನಡೆಯುವ ಮುಯ್ಯಿಯ ಪದ್ಧತಿಯೂ, ಬನದ ಹುಣ್ಣಿಮೆಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ನೆರೆದವರು ಗುರುತಿಲ್ಲದವರೊಡನೆ ಬುತ್ತಿಯನ್ನು ಹಂಚಿಕೊಳ್ಳುವ ರೂಢಿಯೂ ಇದೇ ಜಾತಿಯವು.

ಕಿತ್ತೂರಿನ ಚರಿತ್ರೆ ಇಲ್ಲಿ ನೆನಪಾಗುವುದು ಸಹಜ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಆ ಕಾಳಗದಲ್ಲಿ ಕೋಟೆಯ ಒಳಗಿನವರ ಎದೆಯೂ ಹೊರಗಿನವರ ಎದೆಯೂ ಒಂದೇ ರಸದಿಂದ ಡವಗುಟ್ಟಿರಬೇಕು. ಅಡ್ರಿನಲಿನ್ನಿಗೆ ಪಕ್ಷವಿಲ್ಲ. ಯಾರಿಗಾಗಿ, ಯಾವುದಕ್ಕಾಗಿ ನಿಲ್ಲಬೇಕೆಂಬುದನ್ನು ನಿಶ್ಚಯಿಸಿದ್ದು ರಾಣಿ ಚೆನ್ನಮ್ಮನ ಮತ್ತು ಆಕೆಯ ಜನರ ಸಂಕಲ್ಪ. ಚೋದನೆ ಒಡಲಿನದು, ಸಂಕಲ್ಪ ಮನುಷ್ಯನದು.

ವಿದ್ಯಾಸಂಸ್ಥೆಗೆ ಇದರ ಪಾಠ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಯನ್ನು ಬಲ್ಲವರಿಗೆ ಈ ಶಾಸ್ತ್ರದ ಮೊದಲ ಉಪದೇಶ ಹೊಸದಲ್ಲ: ಒಡಲು ಕುದಿಯುವಾಗ ಹಣದ ಮಾತು ಬೇಡ, ಒಂದು ರಾತ್ರಿ ಕಳೆಯಲಿ, ಮನೆಯ ಹೆಣ್ಣುಮಕ್ಕಳೊಡನೆಯೂ ವಿಚಾರವಾಗಲಿ. ಮಾರಾಟದ ಕನಿಷ್ಠ ದರವನ್ನು ಮನೆಯಲ್ಲಿಯೇ ಬರೆದುಕೊಂಡು, ನೆರೆಯವನೊಬ್ಬನನ್ನು ಜೊತೆಗೆ ಕರೆದೊಯ್ಯುವುದೂ ಒಳ್ಳೆಯ ಉಪಾಯವೇ.

ಉಪಾಧ್ಯಾಯರಿಗೆ ಎರಡನೆಯ ಪಾಠವುಂಟು. ಕಾರ್ಟಿಸಾಲ್ ಏರಿದ ಹೊತ್ತಿನಲ್ಲಿ ಕಲಿತುದನ್ನು ನೆನಪಿಗೆ ತಂದುಕೊಳ್ಳುವ ಶಕ್ತಿ ಕುಗ್ಗುವುದೆಂದು ಪರೀಕ್ಷೆಗಳು ತೋರಿವೆ. ಬೆತ್ತದ ಭಯದಲ್ಲಿ ಪಾಠವೊಪ್ಪಿಸಲಾರದೆ ನಿಂತ ಬಾಲಕನು ಓದಿಯೇ ಇಲ್ಲವೆಂದು ಭಾವಿಸುವುದು ಎಷ್ಟೋ ಸಲ ತಪ್ಪಾದೀತು. ಜೂನ್ ತಿಂಗಳಲ್ಲಿ ಶುಲ್ಕಕ್ಕೆ ಗಡುವು ಕೇಳಲು ಬಂದು ತಡವರಿಸುವ ತಂದೆಯನ್ನು ಮಂದಮತಿಯೆಂದು ಎಣಿಸುವುದೂ ಅಂತಹುದೇ ತಪ್ಪು. ಸುಗ್ಗಿಯಾದ ಮೇಲೆ ಅದೇ ತಂದೆಯನ್ನು ಮಾತನಾಡಿಸಿದರೆ ಅವನ ವಿವೇಕ ತಿಳಿಯುತ್ತದೆ.

ದಾನಿಗಳಿಗೂ, ಬ್ಯಾಂಕು ಸೊಸೈಟಿಗಳಲ್ಲಿ ಅಧಿಕಾರದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೂ ಮೂರನೆಯ ಪಾಠ ಸಲ್ಲುತ್ತದೆ. ನೆರವಿನ ಮೊತ್ತದಷ್ಟೇ ನೆರವಿನ ಕಾಲವೂ ಮುಖ್ಯ. ವಿದ್ಯಾರ್ಥಿವೇತನವು ಡಿಸೆಂಬರಿನ ಸಮಾರಂಭದಲ್ಲಿ ಹಾರದೊಡನೆ ಬರುವುದಕ್ಕಿಂತ ಮೇ ತಿಂಗಳ ಕೊನೆಗೆ ಸದ್ದಿಲ್ಲದೆ ಮನೆಗೆ ಮುಟ್ಟಿದರೆ ಅದರ ಬೆಲೆ ಇಮ್ಮಡಿಯಾದೀತು. ಶುಲ್ಕದ ಗಡುವು ಸುಗ್ಗಿಯ ತರುವಾಯಕ್ಕೆ ಸರಿದರೆ ಸಂಸ್ಥೆಗೆ ನಷ್ಟವಿಲ್ಲ, ಒಂದು ಮಗುವಿನ ಓದು ಉಳಿದೀತು. ಹಸಿದವನ ಬುದ್ಧಿಯನ್ನು ತೂಗಿ ನೋಡುವ ಮುನ್ನ ಅವನ ಚಿಂತೆಯ ಭಾರವನ್ನು ತಕ್ಕಡಿಯಿಂದ ಇಳಿಸುವುದು ನ್ಯಾಯ. ಒಡಲಿನ ರಸಗಳ ಶಾಸ್ತ್ರವು ಕೊನೆಗೆ ಕಲಿಸುವುದು ಈ ಕರುಣೆಯನ್ನೇ.