ಮುಂಗಡ ತಿಂದ ಮೇಲೆ

ಗುಲಾಮಗಿರಿ ಅಂದರೆ ಅಮೆರಿಕ, ವೆಸ್ಟ್ ಇಂಡೀಸ್ ಅಂತಲೇ ಓದಿದ್ದೇವೆ. ನಮ್ಮ ಸೀಮೆಯಲ್ಲಿ ಇತ್ತೇ? ಇದ್ದರೆ ಹೋದದ್ದು ಯಾವಾಗ?
– ವಿದ್ಯಾರ್ಥಿನಿ, ಹೊಳೆನರಸೀಪುರ

ಇತ್ತು. ಮಲೆನಾಡಿನಲ್ಲಿ ಎರಡು ಬಗೆಯ ಆಳುಗಳಿದ್ದರೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಝೆಟಿಯರ್ ಹೇಳುತ್ತದೆ. ಮನೆಯಲ್ಲೇ ಹುಟ್ಟಿ ತಲೆಮಾರುಗಟ್ಟಲೆ ಆ ಮನೆತನಕ್ಕೇ ದುಡಿಯುವವನು ಹುಟ್ಟಾಳು. ಜಮೀನಿನ ಜೊತೆಗೇ ಕ್ರಯವಾಗುವವನು ಮಣ್ಣಾಳು. ಗದ್ದೆ ಮಾರಿದರೆ ಅವನಿಗೂ ಒಡೆಯ ಬದಲಾಗುತ್ತಿದ್ದ.

ಬ್ರಿಟಿಷರು 1834ರ ಆಗಸ್ಟ್ 1ರಿಂದ ತಮ್ಮ ಕಬ್ಬಿನ ದ್ವೀಪಗಳಲ್ಲಿ ಗುಲಾಮಗಿರಿ ರದ್ದು ಮಾಡಿದರು. ಎರಡು ಕೋಟಿ ಪೌಂಡು ಪರಿಹಾರವನ್ನೂ ಕೊಟ್ಟರು, ಆದರೆ ಒಡೆಯರಿಗೆ. ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ಭಾರತಕ್ಕೆ ಆ ಕಾಯ್ದೆ ತಾಗಲಿಲ್ಲ. ಇಲ್ಲಿಗೆ 1843ರಲ್ಲಿ ಬೇರೆ ಕಾಯ್ದೆ ಬಂತು. 'ಇವನು ನನ್ನ ಗುಲಾಮ' ಎಂದು ಕೋರ್ಟಿಗೆ ಬಂದರೆ ಆ ಹಕ್ಕನ್ನು ಒಪ್ಪುವುದಿಲ್ಲ ಎಂದಷ್ಟೇ ಅದು ಹೇಳಿತು. ಗುಲಾಮರ ಖರೀದಿ, ಮಾರಾಟ ಶಿಕ್ಷಾರ್ಹವಾದದ್ದು 1862ರಲ್ಲಿ, ದಂಡಸಂಹಿತೆ ಜಾರಿಯಾದಾಗ.

ನಮ್ಮಜ್ಜಿ ರಾಗಿ ಕೊಯ್ಲು ಮುಗಿಸಿಕೊಂಡು ಸಕಲೇಶಪುರದ ತೋಟಕ್ಕೆ ಕಾಫಿ ಹಣ್ಣು ಕೀಳಲು ಹೋಗುತ್ತಿದ್ದರು. ಮೈಯಲ್ಲಿ ಜ್ವರವಿದ್ದರೂ 'ಮೇಸ್ತ್ರಿ ಹತ್ರ ಮುಂಗಡ ತಿಂದ್ಮೇಲೆ ಹೋಗ್ದೆ ಇರಕ್ಕಾಗ್ತದಾ' ಅನ್ನುತ್ತಿದ್ದರಂತೆ. ಅದು ಕೂಲಿಯೋ, ಜೀತವೋ?
– ಓದುಗರು, ದುದ್ದ

ನಿಮ್ಮಜ್ಜಿಯ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅದೇ 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ ದಕ್ಷಿಣ ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರ ಸೀಮೆಯಲ್ಲಿ, ಕಾಫಿ ತೋಟ ಹಾಕಿದ. ತೋಟಗಳು ಹೆಚ್ಚಿದಂತೆ ಆಳುಗಳು ಬೇಕಾದರು. ಮಳೆ ಕೈಕೊಟ್ಟ ಬಯಲುಸೀಮೆಯ ಊರುಗಳಿಗೆ ಮೇಸ್ತ್ರಿ ದುಡ್ಡಿನ ಚೀಲ ಹಿಡಿದು ಬರುತ್ತಿದ್ದ. ಮದುವೆಗೋ ಎತ್ತಿಗೋ ಮುಂಗಡ ಕೊಟ್ಟು ಮನೆಮಂದಿಯನ್ನೆಲ್ಲ ಲೈನ್ ಮನೆಗೆ ಕರೆದೊಯ್ಯುತ್ತಿದ್ದ.

ಮುಂಗಡಕ್ಕೆ ಕಾನೂನಿನ ಕಾವಲೂ ಇತ್ತು. ಕೊಡಗೂ ಸೇರಿದಂತೆ ಬ್ರಿಟಿಷ್ ಇಂಡಿಯಾದಲ್ಲಿ 1859ರ ಕರಾರು ಭಂಗ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಮ್ಯಾಜಿಸ್ಟ್ರೇಟರು 'ಹಣ ಕಟ್ಟು, ಇಲ್ಲವೇ ಕೆಲಸ ಮಾಡು' ಎನ್ನಬಹುದಿತ್ತು. ಮಾತು ಕೇಳದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಬೇರೆಯವರ ಸಾಲ ಸಿವಿಲ್ ವ್ಯಾಜ್ಯ, ಕೂಲಿಯವನ ಸಾಲ ಜೈಲು! ಆ ಕಾಯ್ದೆ ರದ್ದಾದದ್ದು 1926ರಲ್ಲಿ.

ಹಾಗಾಗಿ ನಾನು ಕೂಲಿಯ ಮೊತ್ತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಜ್ವರ ಬಂದ ದಿನ ನಿಮ್ಮಜ್ಜಿ ಊರಿಗೆ ಹೊರಡಬಹುದಿತ್ತೇ? ಸಾಲ ಉಳಿದರೂ ಹೊರಡಬಹುದಿತ್ತು ಎಂದಾದರೆ ಕೂಲಿ. ಮುಂಗಡ ತೀರುವ ತನಕ ಬಿಡುತ್ತಿರಲಿಲ್ಲ ಎಂದಾದರೆ ಅದು ಜೀತದ ನೆಂಟನೇ.

ಮುಂಗಡ ಕೊಟ್ಟು ಕೂಡಿಹಾಕುವುದು ಈಗಲೂ ಇದೆ. ಯಾರ ಬಳಿ ಹೋಗಬೇಕು?
– ಓದುಗರು, ಅರಕಲಗೂಡು

ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಅರ್ಜಿ ಕೊಡಿ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು. ರದ್ದತಿ ಲೆಕ್ಕಕ್ಕೆ ಬರುವುದು 1975ರ ಅಕ್ಟೋಬರ್ 25ರಿಂದ. ಜೀತದ ಸಾಲ ಅದರಡಿ ತಾನಾಗಿ ಮನ್ನಾ. ವಸೂಲಿಗೆ ಯಾವ ಕೋರ್ಟಿಗೂ ಹೋಗುವಂತಿಲ್ಲ. ಜೀತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ಹೇಳಿದೆ.

ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಪುನರ್ವಸತಿ ಹಣಕ್ಕೆ ಅದೇ ಆಧಾರ. 1834ರಲ್ಲಿ ಪರಿಹಾರ ಒಡೆಯನ ಕೈ ಸೇರಿತು. ಈಗ ಅದು ಸೇರಬೇಕಾದದ್ದು ದುಡಿದವರ ಕೈಗೆ.